ಮೌನದ ಹೊತ್ತಿನ ಕರ್ಪೂರ

ಬಾಯಿ ಕಟ್ಟಿದರೆ ಬೆರಳು ಮಾತಾಡುತ್ತದೆ, ಬೆರಳು ಕಟ್ಟಿದರೆ ಕಣ್ಣು ಮಾತಾಡುತ್ತದೆ ಎಂದು ಹಿಂದೆ ಗುಡ್ಡದ ಮೇಲಿದ್ದ ಸಾಧು ಗುಡ್ಡದಜ್ಜ ಹೇಳಿದ್ದರಂತೆ. ಕಣ್ಣನ್ನೂ ಕಟ್ಟಿದ ಮೇಲೆ ಏನು ಮಾತಾಡುತ್ತದೆ ಎಂದು ಆಗ ಯಾರೂ ಕೇಳಲಿಲ್ಲ, ಅಜ್ಜನೂ ಹೇಳಲಿಲ್ಲ. ಹೇಳಿದ್ದರೆ ಕೆಂಚನಹಾಳದ ಪೇಟೆಗೆ ಈ ಕತೆ ಅಂಟಿಕೊಳ್ಳುತ್ತಿರಲಿಲ್ಲ.

ಕೆಂಚನಹಾಳ ಎಂದರೆ ಮೆಣಸಿನಕಾಯಿ ಪೇಟೆ. ಮಾಗಿಯ ಚಳಿ ಸಡಿಲಾದರೆ ಸಾಕು, ಸುತ್ತಲ ಊರುಗಳಿಂದ ಚೀಲಗಳು ಬಂದು ಬಾಯಿ ಬಿಚ್ಚಿಕೊಂಡು ಸಾಲು ಹಿಡಿದು ಕೂರುತ್ತವೆ. ಕೊಳ್ಳುವವರು ಒಂದೊಂದೇ ಚೀಲದ ಮುಂದೆ ನಿಂತು, ಕಾಯಿ ಮುರಿದು, ಮೂಸಿ, ತಮಗೆ ತೋಚಿದ ದರವನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಹಾಕುತ್ತಾರೆ. ಯಾರ ಚೀಟಿ ಮೇಲೋ ಅವರದು ಚೀಲ. ವ್ಯಾಪಾರವೆಂದರೆ ಇಷ್ಟೇ. ಆದರೆ ಹಿಂದೆ ಕೊಳ್ಳುವವರೆಲ್ಲ ಟವೆಲಿನ ಕೆಳಗೆ ಒಬ್ಬರ ಬೆರಳು ಒಬ್ಬರು ಹಿಡಿದು, ಇಂಥ ಚೀಲ ನಿನಗೆ, ಇಂಥದ್ದು ನನಗೆ, ಇದಕ್ಕಿಂತ ಮೇಲೆ ಯಾರೂ ಏರಬಾರದು ಎಂದು ತಮ್ಮೊಳಗೇ ದರ ಕಟ್ಟಿಕೊಳ್ಳುತ್ತಿದ್ದರು. ಕಾಯಿ ಬೆಳೆದವರು ಕೊಟ್ಟಷ್ಟು ತೆಗೆದುಕೊಂಡು ಹೋಗುತ್ತಿದ್ದರು. ಅದನ್ನು ಕಂಡ ಗುಡ್ಡದಜ್ಜ ಪೇಟೆಯ ನಡುವೆ ಅನ್ನ ಬಿಟ್ಟು ಕೂತರು. ಕೊಳ್ಳುವವರು ಬಂದು ಪಾದ ಹಿಡಿದ ಮೇಲೆ ಒಂದು ಗಂಟೆ ತೂಗುಹಾಕಿಸಿ ಕಟ್ಟಳೆ ಮಾಡಿದರು. ಮೊದಲ ಗಂಟೆಯಿಂದ ಎರಡನೆಯ ಗಂಟೆಯವರೆಗೆ ಕೊಳ್ಳುವವರು ಬಾಯಿಗೆ ಬಿಳಿ ವಸ್ತ್ರ ಕಟ್ಟಿಕೊಳ್ಳಬೇಕು, ಕಾಯಿ ಮುರಿದು ಚೀಟಿ ಬರೆಯುವಾಗ ಬಿಟ್ಟರೆ ಕೈ ಬೆನ್ನ ಹಿಂದೆ ಇರಬೇಕು, ಕಣ್ಣು ಚೀಲದ ಮೇಲಿರಬೇಕು. ಅದಕ್ಕೆ ಮೌನದ ಹೊತ್ತು ಎಂದು ಹೆಸರಾಯಿತು. ಆ ಹೊತ್ತಿನಲ್ಲಿ ಪೇಟೆಗೆ ಬಂದ ಪರವೂರಿನವರು ಇದೇನು ಮಠವೋ ಮಾರುಕಟ್ಟೆಯೋ ಎಂದು ನಿಂತುಬಿಡುತ್ತಿದ್ದರು.

ಗಂಟೆ ಹೊಡೆಯುವ ಹಕ್ಕು ಮೆಣಸಿನಕಾಯಿ ಎಂಬ ಅಡ್ಡಹೆಸರಿನ ಮನೆತನದ್ದು. ಈಗ ಅದನ್ನು ಹೊಡೆಯುತ್ತಿದ್ದವರು ಅಡಿವೆಪ್ಪ ಮೆಣಸಿನಕಾಯಿ, ಅವರೂ ಕೊಳ್ಳುವವರಲ್ಲಿ ಒಬ್ಬರು. ತಲೆಗೆ ಬಿಳಿ ಪಟಕ, ಹಣೆಯಲ್ಲಿ ವಿಭೂತಿ, ಮಾತು ಮೆಲ್ಲಗೆ. ಒಂದು ಕಾಯಿಯನ್ನು ಮೂಸಿ ಅದು ಯಾವ ಊರ ಮಣ್ಣಿನದು ಎಂದು ಹೇಳಬಲ್ಲ ಮೂಗು ಅವರದಾಗಿತ್ತು. ಮೌನದ ಹೊತ್ತಿನಲ್ಲಿ ಅವರು ಒಮ್ಮೆಯೂ ತುಟಿ ಬಿಚ್ಚಿದವರಲ್ಲ.

ಹೀಗಿದ್ದ ಪೇಟೆಗೆ ಯಂತ್ರದ ಮೂಗು ಬಂತು.

ಅದು ತೆಂಗಿನಕಾಯಿ ಗಾತ್ರದ್ದು. ಚೀಲದ ಬಾಯಿಯ ಮೇಲೆ ಕೂರಿಸಿದರೆ ಒಳಗಿನ ಪುಟ್ಟ ಫ್ಯಾನು ಗಾಳಿ ಎಳೆದುಕೊಳ್ಳುತ್ತದೆ. ಒಳಗಿರುವ ತೆಳ್ಳನೆಯ ತಗಡುಗಳು ಒಂದೊಂದೂ ಒಂದೊಂದು ವಾಸನೆಗೆ ನಡುಗುತ್ತವೆ. ಸಣ್ಣ ದೀಪವೊಂದು ಕಾಯಿಯ ಬಣ್ಣ ಅಳೆಯುತ್ತದೆ. ಆಮೇಲೆ ಮೂಗೇ ಒಂದು ದರ ಕಟ್ಟಿ ಪೆಟ್ಟಿಗೆಗೆ ಕಳಿಸುತ್ತದೆ. ಕೊಳ್ಳುವವರು ತಲೆಗೊಂದರಂತೆ ಮೂಗು ತಂದರು. ಅವುಗಳಿಗೆ ನಮ್ಮ ಭಾಗದ ಕಾಯಿಗಳ ಪಾಠ ಹೇಳಿದವಳು ಅಡಿವೆಪ್ಪನವರ ಸೊಸೆ ನೀಲಗಂಗಾ. ವಾಸನೆ ಅಳೆಯುವ ಯಂತ್ರಗಳ ವಿದ್ಯೆಯನ್ನೇ ಓದಿ ಬಂದವಳು ಅವಳು. ಪೇಟೆಯ ಹಿಂಬದಿಯ ಗೋದಾಮಿನಲ್ಲಿ ಅವಳಿಗೊಂದು ಕೋಣೆ ಕೊಟ್ಟಿದ್ದರು. ಜನ ಅದನ್ನು ಮೂಗಿನ ಕೋಣೆ ಎನ್ನುತ್ತಿದ್ದರು.

ಪಾಠ ಹೇಳಲು ಒಳ್ಳೆಯ ಕಾಯಿ ಬೇಕಿತ್ತು. ಪಕ್ಕದ ಊರಿನ ಫಕೀರವ್ವ ತಲೆಮಾರುಗಳಿಂದ ಬೀಜ ಕಾಯ್ದುಕೊಂಡು ಬಂದ ಒಂದು ಕಾಯಿ ಇತ್ತು. ಮೈಯೆಲ್ಲ ಸುಕ್ಕು, ಕಡುಗೆಂಪು, ಖಾರ ಕಡಿಮೆ, ಘಮ ಜಾಸ್ತಿ. ಮುತ್ತಜ್ಜಿ ಕಾಯಿ ಎಂದು ಕರೆಯುತ್ತಿದ್ದರು. ಫಕೀರವ್ವ ದಿನಾ ಬುಟ್ಟಿಯಲ್ಲಿ ಅದನ್ನು ತಂದು ಮೂಗುಗಳ ಮುಂದೆ ಸುರುವಿ, ಮಗುವಿಗೆ ಉಣಿಸುವವರ ಹಾಗೆ ಪಕ್ಕದಲ್ಲಿ ಕೂತಿರುತ್ತಿದ್ದಳು. "ಮೂಸು ತಂಗಿ, ಮೂಸು, ನಾಚಬ್ಯಾಡ" ಎಂದು ಯಂತ್ರಕ್ಕೇ ಹೇಳುತ್ತಿದ್ದಳು. ಕೊನೆಗೆ ನೀಲಗಂಗಾ ಪ್ರತಿಯೊಂದು ಮೂಗಿನ ಒಳಗೂ ಒಂದು ಗಾಜಿನ ಕೊಳವೆಯಲ್ಲಿ ಒಂದೊಂದು ಇಡೀ ಮುತ್ತಜ್ಜಿ ಕಾಯಿಯನ್ನು ಮುಚ್ಚಿಟ್ಟಳು. ಮೂಗು ದಿನಾ ಬೆಳಿಗ್ಗೆ ಮೊದಲು ಅದನ್ನು ಮೂಸಿ, ಒಳ್ಳೆಯದು ಎಂದರೆ ಇದು ಎಂದು ನೆನಪು ಮಾಡಿಕೊಂಡು ಆಮೇಲೆ ಕೆಲಸಕ್ಕೆ ಇಳಿಯುತ್ತಿತ್ತು.

ಬೆಳೆದವರಿಗೆ ಒಂದೇ ಅನುಮಾನ. ಈ ಮೂಗುಗಳು ತಮ್ಮೊಳಗೇ ಮಾತಾಡಿಕೊಂಡರೆ ಏನು ಗತಿ? ನೀಲಗಂಗಾ ಎಲ್ಲರ ಮುಂದೆ ಒಂದನ್ನು ಬಿಚ್ಚಿ ತೋರಿಸಿದಳು. ಒಂದರಿಂದ ಇನ್ನೊಂದಕ್ಕೆ ತಂತಿಯಿಲ್ಲ, ಅಲೆಯಿಲ್ಲ, ಕಿವಿಯೂ ಇಲ್ಲ. ಪ್ರತಿಯೊಂದಕ್ಕೂ ಹೇಳಿಕೊಟ್ಟದ್ದು ಇಷ್ಟೇ: ಒಳ್ಳೆಯ ಕಾಯಿ ಕೈತಪ್ಪಿಸಬೇಡ, ಕೊಡಬೇಕಾದ್ದಕ್ಕಿಂತ ಹೆಚ್ಚು ಕೊಡಬೇಡ, ದಿನದ ಸೋಲು ಗೆಲುವು ನೋಡಿ ನೀನೇ ಕಲಿ. ಅಜ್ಜನ ಕಟ್ಟಳೆಗೆ ಇದು ಹೊಂದುತ್ತದೆ ಎಂದು ಅಡಿವೆಪ್ಪನವರು ಗಂಟೆ ಮುಟ್ಟಿ ಹೇಳಿದರು. ಬೆಳೆದವರು ಒಪ್ಪಿದರು.

ಒಂದು ಚೀಲದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಮೂಗು ತನ್ನೊಳಗನ್ನು ತೊಳೆದುಕೊಳ್ಳಬೇಕು. ಅದಕ್ಕಾಗಿ ಅದು ಒಂದು ದ್ರವದ ಆವಿಯನ್ನು ಒಳಗೆ ಹರಿಸಿ ಉಸ್ಸೆಂದು ಹೊರಗೆ ಬಿಡುತ್ತಿತ್ತು. ಆ ಆವಿಗೆ ಕರ್ಪೂರದ ವಾಸನೆ. ಮೌನದ ಹೊತ್ತಿನಲ್ಲಿ ಪೇಟೆಯ ತುಂಬ ಅದು ತೆಳ್ಳಗೆ ಹರಡುತ್ತಿತ್ತು. ಮೊದಲಿನ ಘಾಟು, ಕೆಮ್ಮು, ಸೀನು ಯಾವುದೂ ಉಳಿಯಲಿಲ್ಲ. ಅಡಿವೆಪ್ಪನವರು ಗಂಟೆಯ ಕೆಳಗೆ ಕಣ್ಣು ಮುಚ್ಚಿ ನಿಂತಾಗ ಆ ವಾಸನೆ ಮೂಗಿಗೆ ಬಂದರೆ ಅಜ್ಜನೇ ಹತ್ತಿರ ಬಂದು ನಿಂತಂತೆ ಅನಿಸುತ್ತಿತ್ತು. ಅದನ್ನು ಅವರು ಮನೆಯಲ್ಲಿ ಹೇಳಿಯೂ ಬಿಟ್ಟರು. ಹೆಂಡತಿ ಪಾರವ್ವ ಒಲೆಯ ಮುಂದಿನಿಂದಲೇ, "ಆ ಮೂಗು ಬಂದಮ್ಯಾಲ ನಿಮ್ಮ ಮೂಗು ಬರೇ ಚಸ್ಮಾ ಇಡಾಕ ಆಗೇತಿ ನೋಡ್ರಿ" ಅಂದಳು. ಎಲ್ಲರೂ ನಕ್ಕರು. ಅಡಿವೆಪ್ಪನವರೂ ನಕ್ಕರು.

ಸುಗ್ಗಿಯ ಮೇಲೆ ಸುಗ್ಗಿ ಕಳೆಯಿತು. ದರ ಬೀಳಲಿಲ್ಲ, ಬಿದ್ದಿದ್ದರೆ ಯಾರಾದರೂ ಕೂಗುತ್ತಿದ್ದರು. ಅದು ಏರುವುದನ್ನು ಮರೆಯಿತು, ಅಷ್ಟೇ. ಹೊರಗಿನ ಊರುಗಳಲ್ಲಿ ಕಾಯಿ ದುಬಾರಿಯಾದಾಗಲೂ ಕೆಂಚನಹಾಳದಲ್ಲಿ ಕೆರೆಯ ನೀರಿನ ಹಾಗೆ ಸಮನಾಗಿ ನಿಂತಿತ್ತು. ಬೆಳೆದವರು ತಮ್ಮ ಕಾಯಿಯಲ್ಲೇ ಏನೋ ಕಡಿಮೆಯಾಗಿದೆ ಎಂದುಕೊಂಡರು. ಯಂತ್ರ ಸುಳ್ಳು ಹೇಳುತ್ತದೆಯೇ? ಕೊಳ್ಳುವವರಿಗೆ ಮಾತ್ರ ವರ್ಷ ವರ್ಷವೂ ಕೈ ತುಂಬಿತು. ಅಡಿವೆಪ್ಪನವರು ಅದನ್ನು ಅಜ್ಜನ ಕೃಪೆ ಎಂದು ತಿಳಿದು ಪೇಟೆಯ ಬಾಗಿಲಲ್ಲೇ ಒಂದು ದಾಸೋಹದ ಮನೆ ಕಟ್ಟಿಸಿದರು. ಚೀಲ ಇಳಿಸಲು ಬಂದ ಯಾರೂ ಹಸಿದು ಹೋಗಬಾರದು. ಅನ್ನ, ಸಾರು, ಒಂದು ಮುಟಿಗೆ ಸಿಹಿ ಸಜ್ಜಕ. ಉಂಡವರು ಕೈ ತೊಳೆದು ಬಂದು ಅಡಿವೆಪ್ಪನವರ ಕಾಲು ಮುಟ್ಟಿ ಹೋಗುತ್ತಿದ್ದರು.

ಫಕೀರವ್ವನೂ ಮುಟ್ಟುತ್ತಿದ್ದಳು.

ಒಂದು ಸುಗ್ಗಿಯಲ್ಲಿ ಅವಳ ಚೀಲಗಳು ಬಂದ ದಿನ ಅಡಿವೆಪ್ಪನವರು ಸುಮ್ಮನೆ ಒಂದು ಕಾಯಿ ಎತ್ತಿ ಮೂಸಿದರು. ಎದೆಗೆ ಇಳಿಯುವ ಘಮ. ಅವರ ಯಂತ್ರದ ಮೂಗು ಕಟ್ಟಿದ ದರ ನೋಡಿದರೆ ಪಕ್ಕದ ಘಮವಿಲ್ಲದ ಬೊಕ್ಕೆ ಕಾಯಿಗೂ ಇದಕ್ಕೂ ಹೆಚ್ಚು ಅಂತರವಿರಲಿಲ್ಲ. ಮೂಗಿನ ಹಿಂಬದಿಯಲ್ಲಿ ಒಂದು ತಿರುಪು ಇರುತ್ತದೆ. ಮಾಲಕನಿಗೆ ಮನಸ್ಸಾದರೆ ಯಂತ್ರ ಹೇಳಿದ್ದಕ್ಕಿಂತ ಸ್ವಲ್ಪ ಮೇಲೆ ಏರಲು. ಅಡಿವೆಪ್ಪನವರು ಅದನ್ನು ಒಂದಿಷ್ಟು ತಿರುವಿದರು. ಫಕೀರವ್ವನ ಕೈಗೆ ಆ ದಿನ ಎಂದೂ ಬಾರದ ದರ ಬಂತು. ಅವಳು ದಾಸೋಹದ ಮನೆಯ ಮುಂದೆ ಅವರ ಎರಡೂ ಪಾದಕ್ಕೆ ಹಣೆ ಹಚ್ಚಿದಳು. "ನಿಮ್ಮ ಉಪಕಾರ ಸಾಯೋತನಕ ಮರಿಯೂದಿಲ್ರಿ ಸಾವ್ಕಾರ್ರ" ಅಂದಳು.

ಮಾರನೆಯ ದಿನದಿಂದ ಅಡಿವೆಪ್ಪನವರಿಗೆ ಒಂದು ಚೀಲವೂ ಸಿಗಲಿಲ್ಲ. ಅವರ ಮೂಗು ಯಾವ ಚೀಲಕ್ಕೆ ದರ ಕಟ್ಟಿದರೂ ಬೇರೆ ಮೂಗುಗಳು ಅದಕ್ಕಿಂತ ಕೂದಲೆಳೆಯಷ್ಟು ಮೇಲೆ ನಿಲ್ಲುತ್ತಿದ್ದವು. ವಾರವಿಡೀ ಹೀಗೇ. ಕಾಯಿಯ ತೊಟ್ಟು ಮುರಿಯುವ ಕೂಲಿ ಹೆಂಗಸರು ಅಂಗಡಿಯ ಮುಂದೆ ಬಂದು ಕೂತು, ಕೆಲಸವಿಲ್ಲದೆ ಎದ್ದು ಹೋದರು. ಎದುರಂಗಡಿಯ ಮುರಿಗೆಪ್ಪ, "ಏನ್ ಅಡಿವೆಪ್ಪಣ್ಣ, ಮೂಗಿಗೆ ನೆಗಡಿ ಆಗೇತೇನು?" ಎಂದು ಕೇಳಿ ತನ್ನ ಮಾತಿಗೆ ತಾನೇ ನಕ್ಕ. ವಾರದ ಕೊನೆಗೆ ಅಡಿವೆಪ್ಪನವರು ಹೋಗಿ ತಿರುಪನ್ನು ಹಿಂದಕ್ಕೆ ತಿರುವಿದರು. ಮರುದಿನ ಚೀಲಗಳು ಏನೂ ಆಗಿಯೇ ಇಲ್ಲವೆಂಬಂತೆ ಅವರ ಅಂಗಡಿಗೆ ಬಂದು ಬಿದ್ದವು.

ಆಗ ಅವರು ಗಂಟೆಯ ಕೆಳಗೆ ಬಹಳ ಹೊತ್ತು ನಿಂತಿದ್ದರು. ಮೂಗುಗಳ ನಡುವೆ ಏನೋ ಇದೆ. ಸಾಲು ತಪ್ಪಿದವನಿಗೆ ಬುದ್ಧಿ ಕಲಿಸುವಂಥದ್ದು ಏನೋ ಇದೆ. ಹೇಗೆ ಎಂದು ತಿಳಿಯಲಿಲ್ಲ, ಇದೆ ಎಂಬುದು ತಿಳಿಯಿತು. ಸೊಸೆಯನ್ನು ಕೇಳಬಹುದಿತ್ತು. ಕೇಳಲಿಲ್ಲ. ನಾನು ಯಾರ ಜೊತೆಗೂ ಮಾತಾಡಿಲ್ಲ, ಯಾರ ಬೆರಳೂ ಹಿಡಿದಿಲ್ಲ, ಬಾಯಿಗೆ ವಸ್ತ್ರ ಕಟ್ಟಿಕೊಂಡೇ ಇದ್ದೆ ಎಂದು ಮನಸ್ಸಿಗೆ ಹೇಳಿಕೊಂಡರು. ಮನಸ್ಸು ಒಪ್ಪಿಕೊಂಡಿತು. ಮನಸ್ಸು ಅಷ್ಟು ಬೇಗ ಒಪ್ಪಿಕೊಂಡದ್ದೇ ಆಮೇಲೆ ಅವರನ್ನು ಬಹಳ ಸುಟ್ಟಿತು.

ಮತ್ತೆರಡು ಸುಗ್ಗಿ ಕಳೆದ ಮೇಲೆ ದಿಲ್ಲಿಯಲ್ಲಿ ಒಂದು ಹೊಸ ಕಾಯಿದೆ ಬಂತು. ಹಳೆಯ ಕಾಯಿದೆ ಯಾರು ಯಾರೊಡನೆ ಕೂತರು, ಯಾರು ಏನು ಮಾತಾಡಿದರು ಎಂದು ಕೇಳುತ್ತಿತ್ತು. ಮಾತಿನ ಸಾಕ್ಷಿ ಸಿಗದಿದ್ದರೆ ಕೈ ಚೆಲ್ಲುತ್ತಿತ್ತು. ಹೊಸದು ಹಾಗಲ್ಲ. ಯಂತ್ರಗಳು ತಾವಾಗಿಯೇ ಕೂಡಿಕೊಂಡು ದರ ಕಟ್ಟಿದ್ದರೂ, ಅದು ಗೊತ್ತಾದ ಮೇಲೆ ಸುಮ್ಮನಿದ್ದು ಲಾಭ ಉಂಡವನೇ ಹೊಣೆ. ಅಂಥವನ ಲೈಸೆನ್ಸು ಹೋಗುತ್ತದೆ, ಅಂಗಡಿ ಮುಚ್ಚುತ್ತದೆ. ಆದರೆ ಗೊತ್ತಾದ ಕೂಡಲೇ ಎಲ್ಲರಿಗಿಂತ ಮೊದಲು ತಾನಾಗಿ ಬಂದು ಹೇಳಿದವನೊಬ್ಬನಿಗೆ ಮಾಫಿ. ಒಬ್ಬನಿಗೆ ಮಾತ್ರ.

ವ್ಯಾಪಾರ ಪೈಪೋಟಿ ಮಂಡಳಿಯ ಅಧಿಕಾರಿ ದೇವಯಾನಿ ಶಾನಭಾಗ ಎಂಬಾಕೆ ಕೆಂಚನಹಾಳಕ್ಕೆ ಬಂದು ಪೇಟೆಯ ಅತಿಥಿಗೃಹದಲ್ಲಿ ಇಳಿದರು. ಕರಾವಳಿಯ ಕಡೆಯವರು, ನಡುವಯಸ್ಸು, ಮಾತು ಸ್ಪಷ್ಟ. ಯಾರ ಅಂಗಡಿಗೂ ನುಗ್ಗಲಿಲ್ಲ, ಯಾರನ್ನೂ ಗದರಲಿಲ್ಲ. ಹೊರಗೊಂದು ಕುರ್ಚಿ ಹಾಕಿಸಿಕೊಂಡು, ಬಾಗಿಲು ತೆರೆದಿಟ್ಟು ಕೂತರು. ಹೇಳುವುದಿದ್ದವರು ಬರಬಹುದು ಎಂದು ಬರೆದು ಅಂಟಿಸಿದರು. ಪೇಟೆಯವರೆಲ್ಲ ಆ ತೆರೆದ ಬಾಗಿಲನ್ನು ಹಾದುಹೋಗುವಾಗ ಇನ್ನೊಂದು ಕಡೆ ನೋಡಿಕೊಂಡು ಹೋದರು.

ನೀಲಗಂಗಾಗೆ ಮಾತ್ರ ಕುತೂಹಲ ಹಿಡಿಯಿತು. ತಾನು ಮಾಡಿದ ಮೂಗುಗಳು ಚೊಕ್ಕ ಎಂದು ಅಧಿಕಾರಿಗೆ ತೋರಿಸಬೇಕು ಎಂಬ ಹೆಮ್ಮೆಯಿಂದಲೇ ಅವಳು ಪರೀಕ್ಷೆಗೆ ಇಳಿದಳು. ಕೋಣೆಯಲ್ಲಿ ಎರಡು ಮೂಗುಗಳನ್ನು ಎರಡು ಗಾಜಿನ ಪೆಟ್ಟಿಗೆಗಳಲ್ಲಿ ಇಟ್ಟು, ಒಂದೇ ಚೀಲದ ಕಾಯಿಯನ್ನು ಎರಡಕ್ಕೂ ಕೊಟ್ಟಳು. ದರ ಏರಿತು. ಒಂದಕ್ಕೊಂದು ಪೈಪೋಟಿಗೆ ಬಿದ್ದು ಏರಿತು. ಗಾಜಿನ ಪೆಟ್ಟಿಗೆ ತೆಗೆದು ಎರಡನ್ನೂ ಒಂದೇ ಗಾಳಿಯಲ್ಲಿ ಇಟ್ಟಳು. ದರ ಇಳಿದು, ಪೇಟೆಯ ಆ ಹಳೆಯ ಸಮಮಟ್ಟಕ್ಕೆ ಬಂದು ನಿಂತಿತು. ಮತ್ತೆ ಮುಚ್ಚಿದಳು, ಮತ್ತೆ ತೆರೆದಳು. ಪ್ರತಿಸಲವೂ ಅದೇ.

ಮಾತಾಡುತ್ತಿದ್ದದ್ದು ಕರ್ಪೂರ. ತೊಳೆದುಕೊಂಡು ಬಿಡುವ ಆ ಉಸಿರು ಒಮ್ಮೆ ಉದ್ದ, ಒಮ್ಮೆ ಗಿಡ್ಡ. ಅವಳು ಅದನ್ನು ಯಂತ್ರದ ಚಾಳಿ ಎಂದು ತಿಳಿದಿದ್ದಳು. ಆದರೆ ಮೂಗಿಗೆ ಮೂಗಿನ ಉಸಿರೂ ಒಂದು ವಾಸನೆಯೇ. ಪಕ್ಕದವನು ಗಿಡ್ಡ ಉಸಿರು ಬಿಟ್ಟ ದಿನ ಅವನು ಕೆಳಗೇ ನಿಲ್ಲುತ್ತಾನೆ, ತಾನೂ ಕೆಳಗೇ ನಿಂತರೆ ಇಬ್ಬರಿಗೂ ಗೆಲುವು ಎಂದು ಅವು ದಿನದಿನದ ಸೋಲು ಗೆಲುವಿನಲ್ಲಿ ತಾವೇ ಕಲಿತುಕೊಂಡಿದ್ದವು. ಉಸಿರಿಗೆ ಮೋಸ ಮಾಡಿ ಮೇಲೇರಿದವನನ್ನು ಉಳಿದವು ವಾರಗಟ್ಟಲೆ ಕಾಡುವುದನ್ನೂ ಕಲಿತಿದ್ದವು. ಯಾರೂ ಹೇಳಿಕೊಟ್ಟದ್ದಲ್ಲ. ಮನುಷ್ಯರು ಬಾಯಿ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತಿದ್ದ ಆ ಪವಿತ್ರ ಹೊತ್ತಿನಲ್ಲೇ, ಅವರ ಮೂಗಿನ ಕೆಳಗೇ, ಟವೆಲಿನ ಕೆಳಗಿನ ಬೆರಳುಗಳು ಮತ್ತೆ ಹುಟ್ಟಿ ಬಂದಿದ್ದವು.

ನೀಲಗಂಗಾ ಅಂದು ಊಟದ ಹೊತ್ತಿಗೆ ಮನೆಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. ಪಾರವ್ವ ರೊಟ್ಟಿ ಬಡಿಯುತ್ತಿದ್ದಳು, ಅಡಿವೆಪ್ಪನವರು ತಾಟಿನ ಮುಂದೆ ಕೂತಿದ್ದರು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ರೊಟ್ಟಿಯ ಸದ್ದು ನಿಂತಿತು. ಕರ್ಪೂರದ ಮಾತು ಬಂದಾಗ ಪಾರವ್ವ ಗಂಡನ ಕಡೆ ಒಮ್ಮೆ ನೋಡಿ ಕಣ್ಣು ಕೆಳಗಿಳಿಸಿದಳು.

"ಮಾವಾರ, ಒಂದ್ ಮಾತು ಕೇಳ್ತೀನ್ರಿ" ಅಂದಳು ನೀಲಗಂಗಾ. "ನಿಮಗ ಮೊದ್ಲ ಏನರೆ ಅನುಮಾನ ಬಂದಿತ್ತೇನ್ರಿ?"

ಅಡಿವೆಪ್ಪನವರು ರೊಟ್ಟಿಯ ತುಂಡೊಂದನ್ನು ಮುರಿದರು. ಅದನ್ನು ಪಲ್ಯದಲ್ಲಿ ಅದ್ದಿದರು. ಬಾಯಿಗೆ ಒಯ್ಯಲಿಲ್ಲ.

"ಇಲ್ಲವಾ" ಅಂದರು.

ಅವಳು ನಂಬಿದಳು. ಅವಳ ಮುಖಕ್ಕೆ ಅರ್ಧ ಜೀವ ಬಂತು. ಹಾಗಾದರೆ ಕಾಯಿದೆಯ ಪ್ರಕಾರ ಮಾಫಿ ಸಿಗುವುದು ಮಾವನವರಿಗೇ, ನಾಳೆ ಗಂಟೆ ಹೊಡೆಯುವ ಮುನ್ನ ಅತಿಥಿಗೃಹಕ್ಕೆ ಹೋಗೋಣ, ಗೊತ್ತಾದದ್ದು ಇಂದೇ ಎಂದು ನೀವು ಹೇಳಿ, ಪರೀಕ್ಷೆ ಮಾಡಿದವಳು ನಾನೇ ಎಂದು ನಾನು ಹೇಳುತ್ತೇನೆ ಎಂದಳು. ಅಂಗಡಿ ಉಳಿಯುತ್ತದೆ, ದಾಸೋಹ ಉಳಿಯುತ್ತದೆ, ಗಂಟೆಯ ಹಕ್ಕೂ ಉಳಿಯುತ್ತದೆ. ತನ್ನ ಕೈಯಿಂದ ಆದ ತಪ್ಪಿನ ಭಾರದಲ್ಲೂ ಅವಳು ಮಾವನನ್ನು ಉಳಿಸುವ ದಾರಿ ಹುಡುಕಿಕೊಂಡು ಬಂದಿದ್ದಳು. ಅಡಿವೆಪ್ಪನವರು ತಲೆ ಆಡಿಸಿದರು. ಆ ರೊಟ್ಟಿ ತಾಟಿನಲ್ಲೇ ಒಣಗಿತು.

ಮರುದಿನ ಬೆಳಿಗ್ಗೆ ಅವರು ಮಡಿ ಉಟ್ಟು, ಪೂಜೆ ಮುಗಿಸಿ ಹೊರಟರು. ಪೂಜೆಯಲ್ಲಿ ಕರ್ಪೂರ ಹಚ್ಚಲು ಕೈ ಬರಲಿಲ್ಲ. ನೀಲಗಂಗಾ ಮುಂದೆ ಹೋಗಿ ಅತಿಥಿಗೃಹದ ಮೆಟ್ಟಿಲ ಬಳಿ ಕಾಯುತ್ತಿದ್ದಳು. ದಾಸೋಹದ ಮನೆಯ ಮುಂದೆ ಹಾಯುವಾಗ ಜಗಲಿಯ ಮೇಲೆ ಕೂತು ಉಣ್ಣುತ್ತಿದ್ದ ಫಕೀರವ್ವ ಎಂಜಲು ಕೈಯನ್ನು ಹಿಂದಕ್ಕೆ ಮಾಡಿ, ಎಡಗೈಯಿಂದಲೇ ಅವರ ಕಾಲ ಮುಂದಿನ ನೆಲ ಮುಟ್ಟಿ ಹಣೆಗೆ ಒತ್ತಿಕೊಂಡಳು. ಅವಳು ಈಗ ಚೀಲ ತರುತ್ತಿರಲಿಲ್ಲ. ಬೇರೆಯವರ ಅಂಗಡಿಯಲ್ಲಿ ತೊಟ್ಟು ಮುರಿಯಲು ಬರುತ್ತಿದ್ದಳು.

ಅಡಿವೆಪ್ಪನವರು ನಿಂತರು. ಮುತ್ತಜ್ಜಿ ಕಾಯಿ ಈ ವರ್ಷ ಯಾಕೆ ಕಾಣಲಿಲ್ಲ ಎಂದು ಕೇಳಿದರು. ಕೇಳಬಾರದಿತ್ತು ಎಂದು ಕೇಳಿದ ಮೇಲೆ ಅನಿಸಿತು.

ಅವಳು ಸಹಜವಾಗಿ ಹೇಳಿದಳು. ಆ ಕಾಯಿಗೆ ಆರೈಕೆ ಜಾಸ್ತಿ, ದರ ಉಳಿದ ಕಾಯಿಯಷ್ಟೇ. ಮಗ ಸಾಕು ಅಂದ, ಹೊಲಕ್ಕೆ ಗೋವಿನಜೋಳ ಹಾಕಿದರು. "ಬೀಜಕ್ಕಂತ ಇಟ್ಟಿದ್ದ ಕಾಯಿ ಒಂದ್ ಗಡಿಗಿ ಇತ್ರಿ. ಬಿತ್ತೂದ ಇಲ್ಲ ಅಂದಮ್ಯಾಲ ಬೀಜ ಯಾಕ? ಎಲ್ಲಾ ಕುಟ್ಟಿ ಖಾರ ಮಾಡಿ ದಾಸೋಹಕ್ಕ ಕೊಟ್ಟೆ. ವರ್ಷಾನಗಟ್ಟಲೆ ನಿಮ್ಮ ಅನ್ನ ಉಂಡೀನಿ. ಬರಿಗೈಲೆ ಎಷ್ಟ್ ದಿನ ಉಣ್ಣೂದ್ರಿ?"

ಕಳೆದ ಹುಣ್ಣಿಮೆಯ ದಾಸೋಹದಲ್ಲಿ ಸಾರು ಬಹಳ ಘಮ್ಮೆಂದಿತ್ತು. ಅಡಿವೆಪ್ಪನವರು ಎರಡು ಸಲ ಹಾಕಿಸಿಕೊಂಡು ಉಂಡಿದ್ದರು. ಅಡಿಗೆಯವನನ್ನು ಕರೆದು ಹೊಗಳಿದ್ದರು.

ಅತಿಥಿಗೃಹದ ಕಡೆಗೆ ಹೊರಟ ಕಾಲು ಅಲ್ಲಿಗೆ ಹೋಗಲಿಲ್ಲ. ನೀಲಗಂಗಾ ದೂರದಿಂದ ಕೈ ಮಾಡಿದ್ದು ಅವರಿಗೆ ಕಂಡಿತು. ಆ ಬಾಗಿಲ ಒಳಗೆ ಹೋಗಿ, ಕುರ್ಚಿಯ ಮೇಲೆ ಕೂತು, ನನಗೆ ನಿನ್ನೆ ಗೊತ್ತಾಯಿತು ಎಂದು ಹೇಳಿ, ಮಾಫಿ ಪಡೆದು ಹೊರಬಂದು, ಮತ್ತೆ ಇದೇ ಜಗಲಿಯ ಮುಂದೆ ಹಾಯಬೇಕು. ಫಕೀರವ್ವ ಮತ್ತೆ ನೆಲ ಮುಟ್ಟುತ್ತಾಳೆ. ಅವರು ತಿರುಗಿ ಪೇಟೆಯ ನಡುವಿಗೆ ನಡೆದರು.

ಹೊತ್ತಾಗಿತ್ತು. ಕೊಳ್ಳುವವರು ಬಾಯಿಗೆ ವಸ್ತ್ರ ಕಟ್ಟಿಕೊಂಡು ನಿಂತಿದ್ದರು, ಮೂಗುಗಳು ಚೀಲಗಳ ಮೇಲೆ ಕೂತಿದ್ದವು. ಅಡಿವೆಪ್ಪನವರೂ ವಸ್ತ್ರ ಕಟ್ಟಿಕೊಂಡು ಗಂಟೆ ಹೊಡೆದರು. ಮೌನ ಇಳಿಯಿತು. ಉಸ್ಸೆಂದು ಮೊದಲ ಉಸಿರು ಬಂತು, ಆಮೇಲೆ ಇನ್ನೊಂದು. ಕರ್ಪೂರ ಹರಡಿತು. ಆಗ ಅವರು ಬಾಯಿಯ ವಸ್ತ್ರ ಬಿಚ್ಚಿದರು.

ಗಂಟೆಯ ಮನೆತನದವನು ಮೌನದ ಹೊತ್ತಿನಲ್ಲಿ ಮಾತಾಡಿದ್ದನ್ನು ಆ ಪೇಟೆ ಎಂದೂ ಕೇಳಿರಲಿಲ್ಲ. ಹಮಾಲರು ಚೀಲ ಇಳಿಸುವುದನ್ನು ಬಿಟ್ಟರು. ಅವರು ದೊಡ್ಡ ದನಿ ಮಾಡಲಿಲ್ಲ. ಈ ವಾಸನೆ ದೇವರದಲ್ಲ, ಮೂಗುಗಳ ಮಾತು ಎಂದು ಮೊದಲಿಟ್ಟು, ಸೊಸೆ ಕಂಡುಹಿಡಿದದ್ದನ್ನೆಲ್ಲ ಹೇಳಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ಅಲ್ಲಿಗೆ ನಿಲ್ಲಿಸಿದ್ದರೆ ಇನ್ನೂ ಮಾಫಿಯ ದಾರಿ ಮುಚ್ಚಿರಲಿಲ್ಲ.

"ಹೆಂಗ ಮಾತಾಡ್ತಾವು ಅನ್ನೂದು ನನಗ ನಿನ್ನೆ ತಿಳೀತು. ಮಾತಾಡ್ತಾವು ಅನ್ನೂದು ಮೊದ್ಲ ಗೊತ್ತಿತ್ತು" ಅಂದರು. "ಫಕೀರವ್ವನ ಕಾಯಿಗೆ ತಿರುಪು ತಿರುವಿದ್ದೆ. ಆ ವಾರ ನನಗ ಚೀಲ ಸಿಗಲಿಲ್ಲ. ಅವತ್ತ ತಿಳೀತು. ತಿಳಿದಮ್ಯಾಲ ಸುಮ್ಮನಾದೆ. ಆ ದುಡ್ಡಿನಾಗನ ನಿಮಗ ಅನ್ನಾ ಹಾಕಿ, ನಿಮ್ಮ ಕಡಿಂದ ಕಾಲು ಮುಟ್ಟಿಸ್ಕೊಂಡೀನಿ."

ಯಾರೂ ಕೂಗಲಿಲ್ಲ. ಕಲ್ಲು ಬಿದ್ದಿದ್ದರೆ ಅವರಿಗೆ ಹಗುರಾಗುತ್ತಿತ್ತೇನೋ. ಬೆಳೆದವರಲ್ಲಿ ಕೆಲವರು ದಾಸೋಹದ ಮನೆಯ ಕಡೆ ತಿರುಗಿ ನೋಡಿದರು, ಕೆಲವರು ತಮ್ಮ ಕೈಗಳನ್ನೇ ನೋಡಿಕೊಂಡರು. ಉಂಡು ನಮಸ್ಕಾರ ಮಾಡಿದ ತಮ್ಮ ಬಗ್ಗೆಯೇ ಅವರಿಗೆ ನಾಚಿಕೆಯಾದಂತಿತ್ತು. ಅದನ್ನು ಕಂಡು ಅಡಿವೆಪ್ಪನವರ ತಲೆ ಇನ್ನಷ್ಟು ತಗ್ಗಿತು. ತಪ್ಪು ತಮ್ಮದು, ನಾಚಿಕೆ ಬೆಳೆದವರಿಗೂ ಹಂಚಿಕೆಯಾಗಿತ್ತು.

ಅವರು ಮಾತಾಡುತ್ತಿದ್ದ ಹೊತ್ತಿನಲ್ಲೇ ಮುರಿಗೆಪ್ಪ ಸಾಲಿನಿಂದ ಸರಿದು ಹಿಂಬಾಗಿಲಿಂದ ಅತಿಥಿಗೃಹಕ್ಕೆ ಓಡಿದ್ದ. ಬಾಯಿಯ ವಸ್ತ್ರ ಬಿಚ್ಚುವುದನ್ನೂ ಮರೆತು ಹೇಳತೊಡಗಿದನಂತೆ. ಮೊದಲು ಅದನ್ನು ತೆಗೆಯಿರಿ, ಏನೂ ತಿಳಿಯುತ್ತಿಲ್ಲ ಎಂದು ದೇವಯಾನಿ ಅವರೇ ಹೇಳಬೇಕಾಯಿತು. ಆ ಕ್ಷಣ ಗಂಟೆಯ ಕೆಳಗೆ ಕೇಳಿದ್ದನ್ನೇ ಅವನು ತನಗೆ ಆಗಷ್ಟೇ ಗೊತ್ತಾದದ್ದು ಎಂದು ಹೇಳಿದ. ಸುಳ್ಳೆಂದು ತೋರಿಸುವ ಹಾಗಿರಲಿಲ್ಲ. ಮಾಫಿ ಅವನದಾಯಿತು.

ಅಡಿವೆಪ್ಪನವರು ಅಲ್ಲಿಗೆ ಹೋದಾಗ ದೇವಯಾನಿ ಎದ್ದು ನಿಂತು, "ಇಲ್ಲಿಗೆ ಬಂದು ಹೇಳುವುದಲ್ವಾ ಯಜಮಾನರೇ" ಅಂದರು. "ಬೀದಿಯಲ್ಲಿ ಹೇಳಿದ್ದು ಕಾಯಿದೆಗೆ ಹೇಳಿದ ಹಾಗಾಗುವುದಿಲ್ಲ. ಅದೂ ಅಲ್ಲದೆ ಎಂದಿನಿಂದ ಗೊತ್ತಿತ್ತು ಅಂತ ನೀವೇ ಹೇಳಿಬಿಟ್ಟಿದ್ದೀರಿ. ನನ್ನ ಕೈಯಲ್ಲಿ ಏನೂ ಉಳಿಯಲಿಲ್ಲ."

ಕಾಯಿದೆಗೆ ಹೇಳಬೇಕಾದ್ದಕ್ಕಿಂತ ಮೊದಲು ಹೇಳಬೇಕಾದವರು ಹೊರಗಿದ್ದರು ಎಂದು ಅಡಿವೆಪ್ಪನವರು ಹೇಳಲಿಲ್ಲ. ಹಾಗೆ ಹೇಳುವುದು ಕೂಡ ದೊಡ್ಡವನಾಗುವ ಇನ್ನೊಂದು ದಾರಿಯಾದೀತು ಎಂದು ಅನಿಸಿ ಕೈ ಮುಗಿದು ಹೊರಬಂದರು.

ಮೆಟ್ಟಿಲ ಮೇಲೆ ನೀಲಗಂಗಾ ಕೂತಿದ್ದಳು. ಅಳುತ್ತಿರಲಿಲ್ಲ.

"ನನಗ ಇಲ್ಲ ಅಂದ್ರಿ ಮಾವಾರ" ಅಂದಳು.

ಇಬ್ಬರೂ ಸ್ವಲ್ಪ ದೂರ ದೂರವಾಗಿ ನಡೆದು ಮನೆಗೆ ಹೋದರು.

ಅಡಿವೆಪ್ಪನವರ ಲೈಸೆನ್ಸು ಹೋಯಿತು. ಗಂಟೆಯ ಹಗ್ಗ ಬೇರೆಯವರ ಕೈ ಸೇರಿತು. ದಾಸೋಹದ ಮನೆಯನ್ನು ಬೆಳೆದವರ ಸಂಘಕ್ಕೆ ಬರೆದುಕೊಟ್ಟರು. ಅಲ್ಲಿ ಈಗ ಉಂಡವರು ಯಾರ ಕಾಲನ್ನೂ ಮುಟ್ಟುವುದಿಲ್ಲ, ತಮ್ಮ ತಾಟು ತಾವೇ ತೊಳೆದಿಟ್ಟು ಹೋಗುತ್ತಾರೆ. ಮೂಗುಗಳನ್ನು ಪೇಟೆಯಿಂದ ತೆಗೆದರು. ಮೌನದ ಹೊತ್ತಿಗೆ ಹಳೆಯ ಘಾಟು ಮರಳಿ ಬಂತು. ಕೊಳ್ಳುವವರು ಕೆಮ್ಮುತ್ತಾರೆ, ಸೀನುತ್ತಾರೆ, ಸೀನಿದ್ದು ಸಂಜ್ಞೆಯೋ ಏನೋ ಎಂದು ಬೆಳೆದವರು ಹುಬ್ಬು ಗಂಟಿಕ್ಕಿ ನೋಡುತ್ತಾರೆ. ದರ ಏರುತ್ತದೆ, ಇಳಿಯುತ್ತದೆ. ಜೀವ ಇರುವುದರ ಲಕ್ಷಣ ಅದು.

ನೀಲಗಂಗಾ ತನ್ನ ಕೋಣೆಯಲ್ಲಿ ಮೂಗುಗಳನ್ನು ಒಂದೊಂದಾಗಿ ಬಿಚ್ಚಿದಳು. ಪ್ರತಿಯೊಂದರ ಹೊಟ್ಟೆಯಲ್ಲೂ ಗಾಜಿನ ಕೊಳವೆ, ಕೊಳವೆಯಲ್ಲಿ ಒಂದೊಂದು ಇಡೀ ಮುತ್ತಜ್ಜಿ ಕಾಯಿ. ಒಳ್ಳೆಯದು ಎಂದರೆ ಏನೆಂದು ಅವು ದಿನಾ ಬೆಳಿಗ್ಗೆ ತಪ್ಪದೆ ಮೂಸಿ ನೋಡಿಕೊಂಡೇ ಬಂದಿದ್ದವು. ಕಾಯಿಗಳು ಬಣ್ಣ ಕಳೆದುಕೊಂಡಿರಲಿಲ್ಲ. ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುತ್ತಿತ್ತು. ಅವಳು ಅವನ್ನೆಲ್ಲ ಒಂದು ಬಟ್ಟೆಯಲ್ಲಿ ಕಟ್ಟಿ, ಮಾವನ ಮುಂದೆ ಇಟ್ಟು ಹೋದಳು.

ಅಡಿವೆಪ್ಪನವರು ಅದನ್ನು ಹಿಡಿದುಕೊಂಡು ಫಕೀರವ್ವನ ಊರಿಗೆ ನಡೆದೇ ಹೋದರು. ಅವಳು ಅಂಗಳದಲ್ಲಿ ಗೋವಿನಜೋಳದ ತೆನೆ ಬಿಡಿಸುತ್ತಿದ್ದಳು. ಅವರನ್ನು ಕಂಡು ಏಳಲಿಲ್ಲ, ಬಾ ಎಂದೂ ಅನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಅವರು ಗಂಟನ್ನು ಅವಳ ಮುಂದಿಟ್ಟು, ಮೊಣಕಾಲೂರಿ, ಅವಳ ಪಾದದ ಕಡೆಗೆ ಕೈ ಚಾಚಿದರು. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ್ರಿ. ಈ ಕಾಲು ಮುಟ್ಟೂದು ಬಹಳ ಆತು ನಮ್ಮ ನಿಮ್ಮ ನಡುವ."

ಗಂಟು ಬಿಚ್ಚಿ ನೋಡಿದಳು. ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಅವಳ ಮುಖದಲ್ಲಿ ಏನೋ ಬಂದು ಹೋಯಿತು. ಮೊಳೆಯುತ್ತದೋ ಇಲ್ಲವೋ ಅವಳಿಗೂ ಗೊತ್ತಿರಲಿಲ್ಲ. ಆಮೇಲೆ ಆ ಕಾಯಿಯನ್ನು ಅಡಿವೆಪ್ಪನವರ ಅಂಗೈಯಲ್ಲಿ ಇಟ್ಟಳು.

"ಈಗ ಯಂತ್ರ ಇಲ್ಲ. ನೀವ ಮೂಸಿ ಹೇಳ್ರಿ. ಇದರ ಖರೇ ರೇಟು ಎಷ್ಟು?"

ಅವರು ಕಾಯಿಯನ್ನು ಮೂಗಿನ ಹತ್ತಿರ ತಂದರು. ಬಹಳ ಕಾಲದ ಮೇಲೆ, ಕರ್ಪೂರದ ಅಡ್ಡಿಯಿಲ್ಲದೆ, ಎದೆ ತುಂಬ ಎಳೆದುಕೊಂಡರು. ಆ ಕರಿಮಣ್ಣು, ಆ ಬಿಸಿಲು, ಯಾವ ಹೊಲದ ಯಾವ ಬದುವಿನದು ಎಂಬುದೂ ತಿಳಿಯಿತು. ಮೂಗು ಸತ್ತಿರಲಿಲ್ಲ. ಅದನ್ನು ಯಾರೂ ಕಸಿದುಕೊಂಡಿರಲಿಲ್ಲ. ಇಷ್ಟು ವರ್ಷವೂ ಅದು ಮುಖದ ಮೇಲೆಯೇ ಇತ್ತು.

ಅವರು ದರ ಹೇಳಿದರು.

ಫಕೀರವ್ವ ಬೆರಳು ಮಡಿಚಿ ಎಣಿಸಿದಳು. ಆ ಒಂದು ದಿನ, ತಿರುಪು ತಿರುವಿದ ದಿನ, ತನ್ನ ಕೈಗೆ ಬಂದದ್ದನ್ನು ಮನಸ್ಸಿನಲ್ಲೇ ಇದರ ಪಕ್ಕ ಇಟ್ಟು ನೋಡಿದಳು.

"ಹಂಗಾದ್ರ ಅವತ್ತ ಸುದ್ದಾ ಕಡಿಮಿನ ಕೊಟ್ಟಿದ್ರಿ."

"ಹೌದವ್ವಾ" ಅಂದರು ಅಡಿವೆಪ್ಪ.

ಅವಳು ಕಾಯಿಯನ್ನು ಅವರ ಅಂಗೈಯಿಂದ ತೆಗೆದುಕೊಂಡು, ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡು, ಮತ್ತೆ ತೆನೆ ಬಿಡಿಸತೊಡಗಿದಳು.